ಬರಿ ಮರದ ಮೇಲಿನ ಬೊಟ್ಟು

2022ರಲ್ಲಿ ನಾನು ಮದ್ದೂರಿನಲ್ಲಿ ಮರದ ಪಾಲಿಶ್ ಮಾಡುವ ಸಣ್ಣ ಶೆಡ್ ನಡೆಸುತ್ತಿದ್ದೆ. ವರ್ಷವನ್ನು ಡೈರಿ ನೋಡಿ ಬರೆಯುತ್ತಿದ್ದೇನೆ. ನೆನಪನ್ನು ಕೇಳಿದರೆ ಅದು 2021 ಎನ್ನುತ್ತದೆ, ಯಾಕೆಂದರೆ ಎಲ್ಲರ ಕುತ್ತಿಗೆಯಲ್ಲೂ ಮಾಸ್ಕ್ ನೇತಾಡುತ್ತಿದ್ದ ಚಿತ್ರ ಕಣ್ಣ ಮುಂದೆ ಬರುತ್ತದೆ. ಪಾಲಿಶ್ ಶೆಡ್ಡಿನಲ್ಲಿ ಮಾಸ್ಕ್ ಯಾವ ವರ್ಷವಾದರೂ ಇರುತ್ತದೆ ಎಂದು ಹೊಳೆದದ್ದು ಆಮೇಲೆ. ಹಾಗಾಗಿ ಈ ಬರಹದಲ್ಲಿ ನನಗೆ ಖಚಿತವಿಲ್ಲದ ಕಡೆ ಖಚಿತವಿಲ್ಲ ಎಂದೇ ಹೇಳುತ್ತೇನೆ. ಸಿಟ್ಟಿನ ವಿಷಯದಲ್ಲಿ ಮಾತ್ರ ಅನುಮಾನವಿಲ್ಲ.

ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಪೇಂಟ್ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಬಹಳ ಕಾಲ ದುಡಿದು, ಆಮೇಲೆ ಈ ಶೆಡ್ ಹಾಕಿದ್ದೆ. ಬಾಗಿಲು, ಮಂಚ, ಉಯ್ಯಾಲೆ ಹಲಗೆ ನಮ್ಮ ನಿತ್ಯದ ಕೆಲಸ. ಜೊತೆಗಿದ್ದವರು ಜವರಣ್ಣ ಮೇಸ್ತ್ರಿ. ನನಗಿಂತ ಹಿರಿಯರು, ನಮ್ಮದೇ ಜನ, ಊರಿನಲ್ಲಿ ಗದ್ದೆ ಇದ್ದವರು. ಬ್ರಶ್ ಹಿಡಿದರೆ ಕೈ ನಡುಗದು, ಬಾಯಿ ತೆರೆದರೆ ಮಾತು ನಿಲ್ಲದು.

ಗೌರಿ ಹಬ್ಬ ಕಳೆದ ಮೇಲೆ ಸಿದ್ದರಾಜು ಎಂಬ ಹೈಸ್ಕೂಲ್ ಮೇಷ್ಟ್ರು ಮಳವಳ್ಳಿಯಿಂದ ಬಸ್ಸಿನಲ್ಲಿ ಬಂದರು. ಬೆಡ್‌ಶೀಟಿನಲ್ಲಿ ಮಗುವಿನಂತೆ ಸುತ್ತಿ ತಂದದ್ದು ಒಂದು ಎಲೆಕ್ಟ್ರಿಕ್ ಗಿಟಾರ್. ಯಾವುದೋ ಆರ್ಕೆಸ್ಟ್ರಾದವರಿಂದ ಕೊಂಡ ಹಳೆಯದು. ಮೈತುಂಬ ದಪ್ಪ ಕಪ್ಪು ಬಣ್ಣ, ಅದರ ಮೇಲೆ ಬೆಂಕಿಯ ಜ್ವಾಲೆಯ ಸ್ಟಿಕ್ಕರು, ಅಂಚಿನಲ್ಲೆಲ್ಲ ಚಕ್ಕೆ ಎದ್ದ ಗಾಯ.

"ಬಣ್ಣ ಪೂರ್ತಿ ತೆಗೀಬೇಕು ಮೇಡಂ. ಮರ ಮರದ ಥರಾನೇ ಕಾಣ್ಬೇಕು. ಮೇಲೆ ಏನೂ ಬ್ಯಾಡ," ಎಂದರು.

ತಂಗಿಯ ಮದುವೆಗೆ ಅದು ಬೇಕಾಗಿತ್ತು. ಮುಹೂರ್ತ ಯಾವಾಗ ಎಂದು ಕೇಳಿದೆ.

"ಮುಹೂರ್ತ ನೋಡ್ಲಿಲ್ಲ, ರಜಾ ನೋಡಿದ್ವಿ. ದೀಪಾವಳಿ ಆದ್ಮೇಲಿನ ಭಾನುವಾರ."

ಅವರ ತಂದೆಯ ಕಾಲದಲ್ಲೇ ಮನೆಯವರು ಬೌದ್ಧರಾಗಿದ್ದರು. ಆದರೂ ಮದುವೆಗಳು ಮಾತ್ರ ನೆಂಟರ ಬಾಯಿಗೆ ಹೆದರಿ ಹಳೆಯ ರೀತಿಯಲ್ಲೇ ನಡೆಯುತ್ತಿದ್ದವಂತೆ. ಪುರೋಹಿತರಿಲ್ಲದೆ, ವಾಲಗವಿಲ್ಲದೆ, ಅರಿಶಿನ ಕುಂಕುಮವಿಲ್ಲದೆ ಆಗುವ ಮೊದಲ ಮದುವೆ ಇದು. ವಾಲಗದ ಜಾಗದಲ್ಲಿ ತಾವೇ ನುಡಿಸುತ್ತೇನೆಂದು ತಂಗಿಗೆ ಮಾತು ಕೊಟ್ಟಿದ್ದರು. "ಅರ್ಧ ನೆಂಟರು ಮುನಿಸ್ಕೊಂಡವ್ರೆ. ಎಲ್ಲಿ ಎಡವ್ತಾನೆ ಅಂತ ಕಾಯ್ತವ್ರೆ," ಎಂದು ನಗುತ್ತಲೇ ಹೇಳಿದರು. ಆ ನಗುವಿನಲ್ಲಿ ಎಷ್ಟು ಹೆದರಿಕೆ ಇತ್ತು ಎಂದು ನನಗೆ ಆಗ ತಿಳಿಯಲಿಲ್ಲ.

ಕೆಲಸ ಹಿಡಿದೆ. ತಂತಿ, ಕುತ್ತಿಗೆ, ಪಿಕಪ್ ಎಲ್ಲ ಬಿಚ್ಚಿ ಬೇರೆ ಡಬ್ಬಿಯಲ್ಲಿಟ್ಟೆ. ಪಿಕಪ್ ಎಂದರೆ ತಂತಿಯ ಕಂಪನವನ್ನು ವಿದ್ಯುತ್ತಾಗಿ ಬದಲಿಸುವ ಕಾಂತದ ತುಂಡು. ಉಳಿದದ್ದು ಬರಿಯ ಬಾಡಿ, ಅಂದರೆ ಮರದ ಒಡಲು. ಕಾರ್ಖಾನೆಯಲ್ಲಿ ಅದಕ್ಕೆ ಹೊಡೆದಿದ್ದ ಪಾಲಿಯೆಸ್ಟರ್ ಬಣ್ಣ ಗಾಜಿನ ಹಾಗೆ ಗಟ್ಟಿ. ಬಣ್ಣ ತೆಗೆಯುವ ದ್ರಾವಣ ಅದರ ಮೇಲೆ ಸುಮ್ಮನೆ ಕೂರುತ್ತದೆ, ಕಚ್ಚುವುದಿಲ್ಲ. ಹೀಟ್ ಗನ್ನಿನಿಂದ ಬಿಸಿಗಾಳಿ ಬಿಟ್ಟು, ಬಣ್ಣ ಉಬ್ಬಿದ ಕೂಡಲೇ ಚಪ್ಪಟೆ ಉಳಿಯಿಂದ ಎಬ್ಬಿಸಬೇಕು. ಒಂದು ಗಳಿಗೆ ಹೆಚ್ಚು ನಿಂತರೆ ಮರ ಸುಡುತ್ತದೆ. ಆಮೇಲೆ ಸ್ಯಾಂಡ್‌ಪೇಪರು: ಮೊದಲು 80 ನಂಬರಿನ ಒರಟು, ಮೆಲ್ಲಗೆ 320ರ ನಯದವರೆಗೆ. ಒಳಗಿದ್ದ ಮರ ತೆಳು ಬಣ್ಣದ್ದು, ಹಾಲಿಗೆ ಒಂದು ಹನಿ ಜೇನು ಬಿದ್ದಂತೆ. ಯಾವ ಮರವೆಂದು ಇಂದಿಗೂ ನನಗೆ ಖಾತ್ರಿಯಿಲ್ಲ. ಜವರಣ್ಣ ಅದರ ಮೇಲೆ ಕೈಯಾಡಿಸಿ, "ಎಂತಾ ಮರುಕ್ಕೆ ಎಂತಾ ಮಸಿ ಬಳುದಿದ್ರವ್ವಾ ಬಡ್ಡೆತ್ತವು," ಎಂದರು. ಅವರಿಗೂ ಅದು ಇಷ್ಟವಾಗಿತ್ತು. ಇದನ್ನು ಬರೆಯದೆ ಬಿಟ್ಟರೆ ಅನ್ಯಾಯವಾದೀತು.

ಮುಂದಿನ ಹಂತ ಎಣ್ಣೆ. ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗುವ ಜಾತಿಯದು. ಮರದ ಸೂಕ್ಷ್ಮ ರಂಧ್ರಗಳೊಳಗೆ ಇಳಿದು ಅಲ್ಲೇ ಹೆಪ್ಪುಗಟ್ಟುತ್ತದೆ, ಹೊರಗಿನದನ್ನು ಒಳಗೆ ಬಿಡುವುದಿಲ್ಲ. ಅದಿಲ್ಲದ ಮರ ಬಾಯಾರಿದ ಬಟ್ಟೆ ಇದ್ದ ಹಾಗೆ: ಮುಟ್ಟಿದ್ದನ್ನೆಲ್ಲ ಕುಡಿಯುತ್ತದೆ. ಹೊಸ ಎಣ್ಣೆ ಮಂಡ್ಯದಿಂದ ಬರಬೇಕಿತ್ತು, ನಡುವೆ ಆಯುಧಪೂಜೆ ಬಂತು. ಬಾಡಿಯನ್ನು ಹಳೆಯ ಪಂಚೆಯಲ್ಲಿ ಸುತ್ತಿ ಗೋಡೆಯ ಮೊಳೆಗೆ ತೂಗುಹಾಕಿ, "ಇದನ್ನ ಯಾರೂ ಮುಟ್ಟಬೇಡಿ," ಎಂದು ಹೇಳಿ ನಾನು ಮಂಡ್ಯದ ಅಕ್ಕನ ಮನೆಗೆ ಹೋದೆ. ಹೇಳಿದ್ದು ಡೈರಿಯಲ್ಲಿಲ್ಲ, ನೆನಪಿನಲ್ಲಿದೆ. ಜವರಣ್ಣನೂ ಅದನ್ನು ಅಲ್ಲಗಳೆಯಲಿಲ್ಲ, ಆದ್ದರಿಂದ ನಂಬುತ್ತೇನೆ.

ಶೆಡ್ಡಿನ ಪೂಜೆ ಪ್ರತಿ ವರ್ಷವೂ ಜವರಣ್ಣನದೇ. ಕಂಪ್ರೆಸರ್, ಡ್ರಿಲ್, ಉಳಿ, ಸ್ಕೂಟರು ಯಾವುದನ್ನೂ ಬಿಡುವವರಲ್ಲ. ಕಬ್ಬಿಣಕ್ಕೆ ನೀರು ತಾಗಿದರೆ ತುಕ್ಕು ಎಂದು ಕುಂಕುಮವನ್ನು ಎಣ್ಣೆಯಲ್ಲಿ ಕಲಸುತ್ತಿದ್ದರು.

ಪೂಜೆಯ ಮರುದಿನ ಮಂಡ್ಯದಿಂದ ಎಣ್ಣೆಯನ್ನೂ ತೆಗೆದುಕೊಂಡು ಬಂದು ಪಂಚೆ ಬಿಚ್ಚಿದೆ. ಬಾಡಿಯ ಮೇಲಂಚಿನ ಹತ್ತಿರ, ನುಡಿಸುವವರ ಮುಂಗೈ ಊರುವ ಜಾಗದಲ್ಲಿ, ಅಂಗೈ ಅಗಲದ ಗುಲಾಬಿ ಕಲೆ. ನಡುವೆ ರಕ್ತ ಹೆಪ್ಪುಗಟ್ಟಿದಂತೆ ಕೆಂಪು.

"ಜವರಣ್ಣ, ಇದೇನು?"

"ಬೊಟ್ಟು ಕಣವ್ವ. ಎಲ್ಲಕ್ಕೂ ಇಕ್ಬುಟ್ಟು ಅದೊಂದ್ನೇ ಬುಟ್ರೆ ಅದೇನ್ ಅನ್ಕಂಡಾತು? ಅದೂ ಆಯ್ದ ಅಲ್ವಾ?"

"ಬೊಟ್ಟು ಇಷ್ಟಗಲ ಇರುತ್ತಾ?"

ಇಟ್ಟ ಮೇಲೆ ನಾನು ಬೈಯುತ್ತೇನೆಂದು ನೆನಪಾಗಿ ಥಿನ್ನರ್ ಬಟ್ಟೆಯಲ್ಲಿ ಒರೆಸಿದರಂತೆ. ಥಿನ್ನರ್ ಬಣ್ಣವನ್ನು ಕರಗಿಸಿ ಇನ್ನಷ್ಟು ಒಳಕ್ಕೆ, ಇನ್ನಷ್ಟು ಅಗಲಕ್ಕೆ ಕಳಿಸಿತ್ತು. ನಾನು ಕೂಗಾಡಿದೆ. ಏನು ಕೂಗಿದೆನೋ ಗೊತ್ತಿಲ್ಲ. ಪಕ್ಕದ ವೆಲ್ಡಿಂಗ್ ಅಂಗಡಿಯವರು ಇಣುಕಿ ನೋಡಿದ್ದು ನೆನಪಿದೆ.

ಮನೆಯಲ್ಲಿ ಅರಿಶಿನಕ್ಕೆ ಸುಣ್ಣ ಸೇರಿಸಿ ಮಾಡಿದ ಕುಂಕುಮವಾಗಿದ್ದರೆ ನಿಂಬೆರಸಕ್ಕೆ ಹಳದಿಗೆ ತಿರುಗುತ್ತದೆ, ಬಿಸಿಲಿಗೆ ಮಾಸುತ್ತದೆ. ನಿಂಬೆಹಣ್ಣು ಹಿಂಡಿದೆ. ಕೆಂಪು ಕದಲಲಿಲ್ಲ. ಅಂಗಡಿಯ ಪೊಟ್ಟಣದ್ದು, ಕೃತಕ ಬಣ್ಣ. ಮರದ ಕಲೆ ತೆಗೆಯುವ ಆಕ್ಸಾಲಿಕ್ ಆಸಿಡ್ಡಿಗೂ ಜಗ್ಗಲಿಲ್ಲ. ಆ ದಿನದ ಡೈರಿಯಲ್ಲಿ ಇಷ್ಟೂ ಇದೆ. ಸಿದ್ದರಾಜು ಎಂಬ ಹೆಸರು ಒಂದು ಸಲವೂ ಇಲ್ಲ. ನನ್ನ ಆ ಮೊದಲ ಸಿಟ್ಟು ಹಾಳಾದ ಮರದ ಬಗ್ಗೆ ಮಾತ್ರ ಇತ್ತೇ? ಪುಟ ಹಾಗೆಯೇ ಹೇಳುತ್ತದೆ.

ಎರಡನೆಯ ಸಿಟ್ಟು ಬಂದದ್ದು ಸ್ವಲ್ಪ ಹೊತ್ತಿನ ನಂತರ. ಮೇಷ್ಟ್ರಿಗೆ ಫೋನ್ ಮಾಡಿ ಬರಹೇಳಿದೆ. ಒಂದು ಬೊಟ್ಟಿಗೆ ಇಷ್ಟು ರಂಪವೇಕೆ ಎಂದು ಜವರಣ್ಣ ಗೊಣಗಿದರು. ಆ ಮನೆಯವರು ಬೌದ್ಧರು, ಮದುವೆಯಲ್ಲೂ ಕುಂಕುಮ ಇಡುವುದಿಲ್ಲ ಎಂದು ವಿವರಿಸಿದೆ.

"ಓಹೋ. ಅವ್ರ್ಗೆ ಕುಂಕುಮ ಬ್ಯಾಡ್ವಾ?" ಎಂದರು ಜವರಣ್ಣ. "ನಾವಾಗೇ ಇಕ್ಕುದ್ರೆ ಕುಸಿ ಪಡ್ಬೇಕಾಗಿತ್ತು."

ದನಿಯಲ್ಲಿ ಕೆಡುಕಿರಲಿಲ್ಲ. ಟೀ ತಣ್ಣಗಾಗಿದೆ ಎನ್ನುವಂಥ ದನಿ. ಅದಕ್ಕೇ ಮೈ ಉರಿಯಿತು. ಇಷ್ಟು ವರ್ಷ ಒಂದೇ ಡಬ್ಬಿಯ ಊಟ ಹಂಚಿಕೊಂಡ ಮನುಷ್ಯ, ನಮ್ಮ ಚಿಕ್ಕಪ್ಪಂದಿರು ಜಗಲಿಯ ಮೇಲೆ ಕೂತು ಆಡುತ್ತಿದ್ದ ಮಾತನ್ನೇ ಆಡುತ್ತಿದ್ದರು. "ಇನ್ನೊಂದು ಮಾತು ಆಡಬೇಡ ಜವರಣ್ಣ," ಎಂದೆ. "ಯಾಕವ್ವ ಇಂಗಾಡ್ತೀಯೆ, ನಾನೇನ್ ಬೈದ್ನಾ?" ಎಂದರು. ನಿಜಕ್ಕೂ ಅವರಿಗೆ ಗೊತ್ತಾಗಿರಲಿಲ್ಲ.

ಸಂಜೆಯ ಹೊತ್ತಿಗೆ ಸಿದ್ದರಾಜು ಬಂದರು. ಬಾಡಿಯನ್ನು ಬೆಳಕಿಗೆ ತಿರುಗಿಸಿ ಕಲೆ ನೋಡಿದರು. ನಡೆದದ್ದನ್ನು ನಾನು ಹೇಳಿದೆ. ಜವರಣ್ಣ ನಡುವೆ ಬಾಯಿ ಹಾಕಿ, "ಒಳ್ಳೇದ್ಕೇ ಇಕ್ಕಿದ್ದು ಕಣ್ ಮೇಷ್ಟ್ರೇ, ಕೆಟ್ಟದ್ಕಲ್ಲ," ಎಂದರು.

"ಗೊತ್ತು ಮೇಸ್ತ್ರಿ," ಎಂದರು ಸಿದ್ದರಾಜು. ಆಮೇಲೆ ನನ್ನ ಕಡೆ ತಿರುಗಿ ಹೇಳಿದ ಮಾತು ಅಂದಾಜು ಹೀಗಿತ್ತು, ಪದಗಳು ಹಿಂದೆ ಮುಂದೆ ಆಗಿರಬಹುದು: "ನಮ್ಮಜ್ಜಿ ಗುಡಿ ಮುಂದೆ ನಿಂತು ಕೈ ಒಡ್ಡಿದ್ರೆ ಕುಂಕುಮನ ಮೇಲಿಂದ ಎಸೀತಿದ್ರು ಮೇಡಂ. ಅರ್ಧ ಕೈಗೆ, ಅರ್ಧ ಮಣ್ಣಿಗೆ. ಬೇಕು ಅಂದಾಗ ಎಸುದ್ರು. ಈಗ ಬ್ಯಾಡ ಅಂದ್ರೆ, ಕೇಳ್ದೇನೇ ಹಚ್ತಾರೆ."

ನನ್ನ ಊರಿನ ಮಾರಮ್ಮನ ಗುಡಿಯ ಮುಂದೆ ಹಾಗೆ ಎಸೆಯುವುದನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದೇನೆ. ಅಥವಾ ನೋಡಿಲ್ಲ, ಅವರ ಮಾತು ಕೇಳಿದ ಮೇಲೆ ನೋಡಿದಂತೆ ಕಟ್ಟಿಕೊಂಡಿದ್ದೇನೆ. ಎಷ್ಟು ಯೋಚಿಸಿದರೂ ತೀರ್ಮಾನವಾಗುವುದಿಲ್ಲ. ನೋಡಿಯೂ ನೆನಪಿಡಲಿಲ್ಲ ಎಂದಾದರೆ ಅದು ಎಂಥ ಬಾಲ್ಯ ಎಂದು ನನ್ನ ಮೇಲೆಯೇ ರೇಗುತ್ತದೆ.

ಇದ್ದ ದಾರಿಗಳನ್ನು ಹೇಳಿದೆ. ಮತ್ತೆ ಬಣ್ಣ ಹೊಡೆದು ಮುಚ್ಚಬಹುದು. "ಕೆಳಗೆ ಐತೆ ಅಂತ ನಂಗೆ ಗೊತ್ತಿರುತ್ತಲ್ಲ," ಎಂದರು. ಹಾಗೆಯೇ ಎಣ್ಣೆ ಹಚ್ಚಿದರೆ ಒದ್ದೆ ಬಟ್ಟೆಯ ಬಣ್ಣದಂತೆ ಕೆಂಪು ಇನ್ನೂ ಏರುತ್ತದೆ. ಉಳಿದದ್ದು ಒಂದೇ, ಕಲೆ ಇಳಿದಷ್ಟು ಆಳಕ್ಕೆ ಮರವನ್ನೇ ತೆಗೆಯುವುದು.

"ತೆಗೀರಿ."

"ಗುಂಡಿ ಬೀಳುತ್ತೆ."

"ಬೀಳ್ಲಿ. ಆದ್ರೆ ಹಚ್ಚಿದೋರೇ ತೆಗೀಲಿ."

ಜವರಣ್ಣ ಎರಡು ಹೆಜ್ಜೆ ಹಿಂದೆ ಸರಿದರು. "ಆಗಾಕಿಲ್ಲ. ಇಕ್ಕಿದ್ ಕುಂಕ್ಮ ಅಳ್ಸೋದು ಯಾವಾಗ ಅಂತ ನಿಮ್ಗೆ ಗೊತ್ತಿಲ್ವಾ? ತಾಳಿ ಕಿತ್ತಾಗ. ಮದ್ವೆ ಮನೇದು ಬೇರೆ. ನನ್ ಕೈಲಿ ಆಗಾಕಿಲ್ಲ."

"ಥಿನ್ನರ್ ಹಾಕಿ ಉಜ್ಜಿದ ಕೈ ಯಾರದು?" ಎಂದೆ.

"ಅದು ಅಳ್ಸಿದ್ದಲ್ಲ ಕಣವ್ವ, ಮುಚ್ಚಿಕ್ಕಿದ್ದು."

ಆ ಹೊತ್ತಿನಲ್ಲೂ ನನಗೆ ನಗು ಬಂದುಬಿಟ್ಟಿತು, ಸಿಟ್ಟಿನ ನಗು. ಸಿದ್ದರಾಜು ನಗಲಿಲ್ಲ. "ಬಿಡಿ ಮೇಡಂ. ತೆಗೆಯೋದೂ ಅವ್ರ ದಯೆ ಆಗೋದು ಬ್ಯಾಡ," ಎಂದು ಅಂಗಿಯ ತೋಳು ಮಡಚಿದರು. ಜವರಣ್ಣ ಟವೆಲ್ ಹೆಗಲಿಗೆ ಹಾಕಿ ಹೊರಟುಹೋದರು.

ನಾವಿಬ್ಬರೇ ಉಜ್ಜಿದೆವು. ಮೊದಲು 80, ಮತ್ತೆ 80. ಗುಲಾಬಿ ಹುಡಿ ಬೆರಳ ಸಂದಿಗೆಲ್ಲ ತುಂಬಿತು. ಮರದ ನಾರಿನಗುಂಟ ಕೆಂಪು ಗೆರೆಗಳು ಬೇರಿನಂತೆ ಇಳಿದಿದ್ದವು. ಒಂದು ಮುಗಿಯಿತು ಎನ್ನುವಾಗ ಇನ್ನೊಂದು ಕಾಣುತ್ತಿತ್ತು. ಅಷ್ಟು ಸಿಟ್ಟಿನಲ್ಲಿ ನಾನು ಯಾವ ಮರವನ್ನೂ ಉಜ್ಜಿಲ್ಲ, ಅಷ್ಟು ಸಿಟ್ಟಿನಲ್ಲಿ ಉಜ್ಜುವುದು ಕೆಲಸಕ್ಕೆ ಒಳ್ಳೆಯದೂ ಅಲ್ಲ. ಕೊನೆಯ ಗೆರೆ ಹೋದಾಗ ಅಲ್ಲಿ ಚಮಚದ ಒಳಮೈಯಂಥ ತಗ್ಗು ಉಳಿದಿತ್ತು. ಸುತ್ತಲೂ ಇನ್ನಷ್ಟು ಇಳಿಜಾರು ಮಾಡಿದರೆ ಅದನ್ನು ಬೇಕೆಂದೇ ಕೆತ್ತಿದಂತೆ ಕಾಣಿಸಬಹುದು, ಯಾರಿಗೂ ತಿಳಿಯದು ಎಂದೆ. ನನ್ನ ಕೈಕೆಲಸದ ಹೆಮ್ಮೆ ಹಾಗೆ ಆಡಿಸಿತು.

"ಬ್ಯಾಡ. ಗುಂಡಿ ಗುಂಡಿ ಥರಾನೇ ಇರ್ಲಿ," ಎಂದರು ಮೇಷ್ಟ್ರು.

ಆ ರಾತ್ರಿಯೊಳಗೇ ಮೊದಲ ಎಣ್ಣೆ ಹಚ್ಚಿಬಿಟ್ಟೆ, ಇನ್ನು ಯಾರ ಕೈಯೂ ಅದರೊಳಕ್ಕೆ ಇಳಿಯದಿರಲಿ ಎಂದು. ಹಚ್ಚಿ, ಸ್ವಲ್ಪ ಹೊತ್ತು ಕುಡಿಯಲು ಬಿಟ್ಟು, ಮಿಕ್ಕದ್ದನ್ನು ಒರೆಸಿ, ಒಣಗಿಸಿ, ಮತ್ತೆ ಹಚ್ಚುವುದು. ಎಣ್ಣೆ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆದರೆ ತಾವಾಗಿಯೇ ಕಾವು ಏರಿ ಹೊತ್ತಿಕೊಳ್ಳುತ್ತವೆ, ಆದ್ದರಿಂದ ತಂತಿಗೆ ಹರವಬೇಕು. ಹಾಲಿನ ಬಣ್ಣದ ಮರ ಬೆಲ್ಲದ ಪಾಕದ ಬಣ್ಣಕ್ಕೆ ಬಂತು. ಮೇಲೆ ಮುತ್ತತ್ತಿ ಕಾಡಿನ ಕಡೆಯ ಜೇನುಮೇಣವನ್ನು ತೆಳುವಾಗಿ ತಿಕ್ಕಿದೆ. ಜವರಣ್ಣ ಮೂರನೆಯ ದಿನಕ್ಕೆ ಬಂದು, ಏನೂ ಆಗದವರಂತೆ ಒಂದು ಬಾಗಿಲಿಗೆ ಬಿರುಕು ತುಂಬುವ ಲಪ್ಪ ಹಚ್ಚತೊಡಗಿದರು. ಗಿಟಾರಿನ ಕಡೆ ನೋಡಲಿಲ್ಲ.

ಮದುವೆಗೆ ನಮ್ಮಿಬ್ಬರನ್ನೂ ಕರೆದಿದ್ದರು. "ಮೇಸ್ತ್ರಿನೂ ಬರ್ಬೇಕು," ಎಂದು ಸಿದ್ದರಾಜು ಎರಡು ಸಲ ಹೇಳಿದ್ದರು. ಮಂಡ್ಯದ ವಿ.ಸಿ. ಫಾರಂ ಹತ್ತಿರ ಯಾರದೋ ಮನೆಯಲ್ಲಿ ಕೆಲಸವಿದೆ ಎಂದು ಜವರಣ್ಣ ತಪ್ಪಿಸಿಕೊಂಡರು. ನಾನೊಬ್ಬಳೇ ಮಳವಳ್ಳಿಗೆ ಹೋದೆ. ಮುನಿದಿದ್ದ ನೆಂಟರಲ್ಲಿ ಬಹಳ ಜನ ಊಟದ ಹೊತ್ತಿಗೆ ಸರಿಯಾಗಿ ಬಂದಿದ್ದರು. ಮೇಷ್ಟ್ರು ನುಡಿಸಿದರು, ಒಂದು ಕಡೆ ತಪ್ಪಿತು, ತಂಗಿಯೇ ಮೊದಲು ನಕ್ಕಳು. ಆಮೇಲೆ ಮೇಷ್ಟ್ರು ಹೇಳಿದ್ದ ಆ ಅಜ್ಜಿ, ಬೆನ್ನು ಬಾಗಿದ ಹೆಂಗಸು, ಗಿಟಾರನ್ನು ಹತ್ತಿರಕ್ಕೆ ಎಳೆದು ತಗ್ಗಿನಲ್ಲಿ ಹೆಬ್ಬೆರಳು ಆಡಿಸಿದರು.

"ಇದ್ಯಾಕ್ಲಾ ಸಿದ್ದ, ಇಲ್ಲಿ ಕಿತ್ತೋಗದೆ?"

"ಅಲ್ಲೊಂದು ಬೊಟ್ಟು ಇಕ್ಕಿದ್ರು ಕಣಜ್ಜಿ. ನಂಗೆ ಬ್ಯಾಡಾಗಿತ್ತು."

ಅಜ್ಜಿ ಇನ್ನೊಮ್ಮೆ ಬೆರಳಾಡಿಸಿ ನೋಡಿದರು. "ತೆಗ್ದೋರ್ಯಾರು?" ಮೇಷ್ಟ್ರು ನನ್ನತ್ತ ಕೈ ತೋರಿಸಿದರು. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ಅಳೆದು, "ವಸಿ ಜಾಸ್ತಿನೇ ತೆಗ್ದವ್ಳೆ," ಎಂದರು. ಆಮೇಲೆ, "ಇರ್ಲಿ ಬುಡು. ಚೂರು ಉಳುಸ್ಕಂಬುಟ್ಟಿದ್ರೆ ಕೆಂಪಾಗೇ ಇರ್ತಿತ್ತು," ಎಂದರು.

ಜವರಣ್ಣ ಈಗಲೂ ನನ್ನ ಜೊತೆಗೇ ಇದ್ದಾರೆ. ಆಯುಧಪೂಜೆಯ ಹಿಂದಿನ ದಿನ ಗಿರಾಕಿಗಳ ಸಾಮಾನನ್ನೆಲ್ಲ ನಾನು ಒಳಕೋಣೆಗೆ ಹಾಕಿ ಬೀಗ ಹಾಕುತ್ತೇನೆ. "ನನ್ ಮ್ಯಾಲೆ ನಂಬ್ಕೆ ಇಲ್ವಾ ಕಣವ್ವ?" ಎಂದು ಪ್ರತಿ ವರ್ಷವೂ ಕೇಳುತ್ತಾರೆ. ಇಲ್ಲ ಎಂದು ಪ್ರತಿ ವರ್ಷವೂ ಹೇಳುತ್ತೇನೆ. ಅವರು ನೊಂದುಕೊಳ್ಳುತ್ತಾರೆ, ನಾನು ಬೀಗ ತೆಗೆಯುವುದಿಲ್ಲ.

ಹಳೆಯ ಬಣ್ಣ ತೆಗೆಯುವುದು, ಹೊಸ ಎಣ್ಣೆ ಹಚ್ಚುವುದು ಎರಡನ್ನೂ ಯಾರಾದರೂ ಕಲಿಯಬಹುದು. ಅವೆರಡರ ನಡುವೆ ಮರ ಬರಿಮೈಯಲ್ಲಿ ಇರುವ ಕೆಲವು ದಿನಗಳಿವೆ. ಆಗ ಅದಕ್ಕೆ ಬೇಡ ಎನ್ನಲು ಬರುವುದಿಲ್ಲ, ಪ್ರೀತಿಯಿಂದ ಬಂದ ಬೆರಳಿಗೂ ಸಹ. ಅಷ್ಟು ದಿನ ಅದರ ಪರವಾಗಿ ಬೇಡ ಎನ್ನುತ್ತ ನಿಲ್ಲುವುದೇ ನನ್ನ ಕಸುಬು ಎಂದು ಆ ಗುಂಡಿ ಕಲಿಸಿತು.