ಸೈರನ್ ಸಲಾಮಿ

ಗೆಳೆಯರೇ, ಬೆಂಕಿ ಆರಿಸಲು ಹೋಗಿ ತೀರಿಕೊಂಡ ಅಗ್ನಿಶಾಮಕ ಸಿಬ್ಬಂದಿಯ ಮನೆಯವರನ್ನು ಕರೆಸಿ ಇವತ್ತು ತಾಂಡೂರಿನಲ್ಲಿ ಸ್ಮರಣೆ ಮಾಡಿದೆವು. ಕೊನೆಯಲ್ಲಿ ನನ್ನ ವಂದನಾರ್ಪಣೆ. ಕುರ್ಚಿ ಹಾಕಿದವರಿಗೆ, ಚಹಾ ಕೊಟ್ಟವರಿಗೆ ಎಂದು ಸ್ವಯಂಸೇವಕರನ್ನು ನೆನೆಯುತ್ತಿದ್ದೆ. ಹೊರಗೆ ಫೈರ್ ಇಂಜಿನ್ನಿನ ಸೈರನ್ ಕೂಗಿತು.

ಅರ್ಧ ಸಭೆ ಎದ್ದು ಓಡಿತು! ತೆಲಂಗಾಣ ಚಳವಳಿಯ ಈ ದಿನಗಳಲ್ಲಿ ಸೈರನ್ ಎಂದರೆ ಎಲ್ಲೋ ಬಸ್ಸು ಉರಿಯುತ್ತಿದೆ, ಯಾರದೋ ಮನೆಯವರು ಅಲ್ಲಿದ್ದಾರೆ ಎಂದೇ ಅರ್ಥ. ನಮ್ಮ ಯಜಮಾನರು ಬೆಳಿಗ್ಗೆಯೇ ರಸ್ತಾರೋಕೋಗೆ ಹೋಗಿದ್ದರು. ಮೈಕು ಬಿಟ್ಟು ಫೋನ್ ಹಚ್ಚಿದೆ. ಎತ್ತಲಿಲ್ಲ. ಮತ್ತೆ ಹಚ್ಚಿದೆ. ಎತ್ತಲಿಲ್ಲ. ಅದನ್ನು ಕಂಡು, ಗಂಡನನ್ನು ಬೆಂಕಿಯಲ್ಲಿ ಕಳೆದುಕೊಂಡ ಕಂಗ್ಟಿಯ ಶಾಂತಮ್ಮ ತಾನೇ ಎದ್ದು ಬಂದು ನನ್ನನ್ನು ಹಿಡಿದುಕೊಂಡಳು.

ಸೈರನ್ ನಿಂತಿತು. ಆಮೇಲೆ ಯಜಮಾನರು ಫೋನ್ ಎತ್ತಿದರು.

"ಕೇಳ್ದಿ ಇಲ್ಲ? ಹುತಾತ್ಮರಿಗಿ ಸಲಾಮಿ ಅಂತ ನಾನೇ ಹೊಡಿಸೀನಿ. ರಸ್ತಾರೋಕೋ ಮುಗ್ಸಿ ಬಂದು ಗಾಡಿ ಬಾಜೂಕೇ ನಿಂತಿದ್ನಿ, ನಿನ್ನ ಫೋನ್ ಕೇಳ್ಸಿಲ್ಲ. ಹ್ಯಾಂಗಿತ್ತು?"

"ನಿಮಗ ಅಕಲ್ ಅದೇನ್ರಿ? ಇಲ್ಲಿ ನನ್ನ ಜೀವ ಬಾಯಿಗಿ ಬಂದದ..."

ಶಾಂತಮ್ಮ ಮೆಲ್ಲಗೆ ನನ್ನ ಭುಜ ಒತ್ತಿದಳು. "ಬೈಬ್ಯಾಡ್ರಿ ಅಕ್ಕಾ. ಫೋನ್ ಎತ್ಯಾರಲ್ಲರಿ."

ಫೋನ್ ಇಟ್ಟು ಅವಳ ಕೈ ಹಿಡಿದುಕೊಂಡೆ.

ಮೈಕಿನಲ್ಲಿ ಅರ್ಧಕ್ಕೆ ನಿಂತದ್ದನ್ನು ಇಲ್ಲಿ ಮುಗಿಸುತ್ತೇನೆ: ಎಲ್ಲ ಸ್ವಯಂಸೇವಕರಿಗೂ ಧನ್ಯವಾದ. ಒಬ್ಬರಿಗೆ ಮಾತ್ರ ಬೈಗುಳ ತೆಗೆದಿಟ್ಟಿದ್ದೇನೆ. ಸಭೆಯ ಕುರ್ಚಿ ವಾಪಸ್ ಮುಟ್ಟಿಸಿ ಬರುತ್ತೇನೆಂದು ಹೋದ ನಮ್ಮ ಯಜಮಾನರು ಇನ್ನೂ ಮನೆಗೆ ಬಂದಿಲ್ಲ. ಬಾಗಿಲ ಕಡೆ ಕಣ್ಣಿಟ್ಟೇ ಇದನ್ನು ಬರೆಯುತ್ತಿದ್ದೇನೆ.