ಅಜ್ಜ ಕೆಮ್ಮಿದ್ದು ಮಗಳ ತಪ್ಪಂತೆ

ಚಮಚದಲ್ಲಿ ನೀರು ಕುಡಿಸಿ ನೋಡುವುದು ನನ್ನ ಕೆಲಸ, ಸ್ನೇಹಿತರೇ. ಲಕ್ವ ಹೊಡೆದವರಿಗೆ ನುಂಗಲು ಬರುತ್ತದೋ ಇಲ್ಲವೋ ತಿಳಿಯಬೇಕಲ್ಲ. ಇವತ್ತು ಜಮಖಂಡಿಯ ನಮ್ಮ ವಾರ್ಡಿನಲ್ಲಿ ಬನಹಟ್ಟಿಯ ನೇಕಾರ ಅಜ್ಜನ ಸರದಿ. ಮೊದಲ ಚಮಚಕ್ಕೇ ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾದವು. ಅಜ್ಜಿ ಅವರ ನೆತ್ತಿ ತಟ್ಟಿ, "ಮಗಳು ನೆನಸಾಕತ್ತಾಳ್ರಿ" ಅಂದರು.

"ಮಗಳಲ್ಲ ಆಯಿ, ನೀರು ಹೊಟ್ಟಿಗೆ ಹೋಗೂದು ಬಿಟ್ಟು ಪುಪ್ಪುಸಕ್ಕ ಹೊಂಟೈತಿ. ನಿಮೋನಿಯಾ ಆದ್ರ ಜೀವಕ್ಕ ಅಪಾಯ. ಸದ್ಯ ಮೂಗಿನ ನಳಿಗ್ಯಾಗ ಅಷ್ಟ ಊಟ," ಎಂದು ಮೂರು ಸಲ ಹೇಳಿದೆ. ಮೂರು ಸಲವೂ ತಲೆಯಾಡಿಸಿದರು.

ಹತ್ತು ನಿಮಿಷ ಬಿಟ್ಟು ಬಂದರೆ ಅಜ್ಜನ ತುಟಿಯ ಹತ್ತಿರ ಚಹಾದ ಬಸಿ.

"ಆಯಿ, ಈಗರೆ ಏನ್ ಹೇಳಿದ್ನಿ?"

"ಮಗಳಿಗೆ ಫೋನ್ ಹಚ್ಚಿ, ಒಂದ್ ತಾಸು ನೆನಸಬ್ಯಾಡವಾ ಅಂತ ಹೇಳೇನ್ರಿ. ಇನ್ನ ಕೆಮ್ಮಂಗಿಲ್ಲ."

ಬಸಿ ಕಸಿದುಕೊಂಡೆ. ಪುಪ್ಪುಸದ ಚಿತ್ರ ಬರೆದು ತೋರಿಸಿದೆ. "ಛಲೋ ಬರದೀರಿ" ಅಂದರು.

ಕೊನೆಗೆ ಸೋತು, ಚಿಮ್ಮಡದಲ್ಲಿರುವ ಆ ಮಗಳಿಗೆ ನಾನೇ ಫೋನ್ ಹಚ್ಚಿದೆ. "ತಂಗಿ, ನಾಳೆ ನಾ ಮತ್ತ ಪರೀಕ್ಷೆ ಮಾಡೂತನಕ ನಿಮ್ಮಪ್ಪನ್ನ ನೆನಸೂದು ನಿಲ್ಲಸಬ್ಯಾಡ. ನಿಮ್ಮವ್ವಗೂ ಹಂಗಂತ ಹೇಳಿಬಿಡು."

ಸಂಜೆ ನೋಡಲು ಬಂದ ಬೀಗರೊಬ್ಬರು ಅಜ್ಜನಿಗೆಂದು ಬಾಳೆಹಣ್ಣು ಸುಲಿದರು. ಅಜ್ಜಿ ಕೈ ಹಿಡಿದರು: "ಬ್ಯಾಡ್ರಿ, ಮಗಳು ಇನ್ನೂ ನೆನಸಾಕತ್ತಾಳ."

ನಾಳೆ ಅಜ್ಜ ಕೆಮ್ಮದೆ ನುಂಗಿಬಿಟ್ಟರೆ, ಮಗಳು ಅಪ್ಪನನ್ನು ಮರೆತಳೆಂಬ ಜಗಳವನ್ನೂ ನಾನೇ ಬಿಡಿಸಬೇಕು.