ಸಂಶಿಯ ಕರೆಂಟ್ ಕಾರು

ನನಗೆ ಹೊಟ್ಟೆಕಿಚ್ಚು ಜಾಸ್ತಿ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮುಚ್ಚಿಟ್ಟು ಆಗಬೇಕಾದದ್ದೇನೂ ಇಲ್ಲ, ನವಲಗುಂದದಲ್ಲಿ ನನ್ನ ಗ್ಯಾರೇಜಿನ ಆಸುಪಾಸಿನವರಿಗೆಲ್ಲ ಇದು ಗೊತ್ತಿದೆ. ಮೂವತ್ತು ವರ್ಷ ಡೀಸೆಲ್ ಗಾಡಿಗಳ ಕೆಳಗೆ ಮಲಗಿ ಎದ್ದವನು ನಾನು. ಟ್ರ್ಯಾಕ್ಟರ್ ಇರಲಿ ಜೀಪ್ ಇರಲಿ, ಹಳೆಯದನ್ನು ಕೊಳ್ಳುವವರು ಮೊದಲು ನನ್ನನ್ನು ಕರೆದೊಯ್ದು ತೋರಿಸುತ್ತಿದ್ದರು. ನಮ್ಮಲ್ಲೊಂದು ರೂಢಿಯಿದೆ. ಗಾಡಿ ನೋಡಿ ಹೂಂ ಅಂದವನೇ ಅದರ ಮುಂದೆ ಕಾಯಿ ಒಡೆಯಬೇಕು. ನಾಳೆ ಗಾಡಿ ಕೈಕೊಟ್ಟರೆ ಬೈಸಿಕೊಳ್ಳುವವನೂ ಅವನೇ. ನಾನು ಬೈಸಿಕೊಂಡದ್ದು ಎರಡೇ ಸಲ, ಅದರಲ್ಲಿ ಒಂದು ಸಲ ತಪ್ಪು ಓಡಿಸಿದವನದು.

ನನ್ನ ಗ್ಯಾರೇಜಿಗೆ ಹತ್ತಿಕೊಂಡಿರುವ ಬಾಜೂ ಅಂಗಡಿಯವನು ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವವನು. ನನಗಿಂತ ಹತ್ತು ವರ್ಷ ಸಣ್ಣವನು, ಸಭ್ಯ ಮನುಷ್ಯ. ಅದೇ ದೊಡ್ಡ ತೊಂದರೆ. ಬೈಯೋಣವೆಂದರೆ ಕಾರಣವೇ ಸಿಗುವುದಿಲ್ಲ. ಕರೆಂಟಿನ ಸ್ಕೂಟರ್ ಬಂದವು, ಆಟೋ ಬಂದವು, ಆಮೇಲೆ ಕಾರುಗಳೂ ಬಂದವು. ಗಾಡಿ ತೋರಿಸುವವರು ನನ್ನ ಬಾಗಿಲ ಮುಂದೆ ಹಾದು, ನನಗೊಂದು ನಮಸ್ಕಾರ ಹಾಕಿ, ಅವನ ಅಂಗಡಿಗೆ ಹೋಗತೊಡಗಿದರು. ಆ ನಮಸ್ಕಾರ ಹಾಕದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಆದರೂ ತಡೆದುಕೊಂಡಿದ್ದೆ. ತಡೆಯಲಾಗದ್ದು ಮಗಳ ಮಾತು. ಅವಳು ಅಣ್ಣಿಗೇರಿಯಲ್ಲಿ ಹೈಸ್ಕೂಲ್ ಟೀಚರ್. ಮೂರು ವರ್ಷದ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ದಿನಾ ನಮ್ಮೂರಿಂದ ಬಸ್ಸಿಗೆ ಬಡಿದಾಡುತ್ತಿದ್ದಳು. ಸಂಶಿಯ ಬಟ್ಟೆ ಅಂಗಡಿಯವರೊಬ್ಬರು ತಮ್ಮ ಎಲೆಕ್ಟ್ರಿಕ್ ಕಾರು ಮಾರುತ್ತಿದ್ದಾರೆ, ಭಾನುವಾರ ನೋಡಿ, ಸರಿ ಇದ್ದರೆ ಮುಂಗಡ ಕೊಟ್ಟು ತಂದುಬಿಡುತ್ತೇನೆ ಎಂದಳು. ನಾನು ನೋಡುತ್ತೇನೆ ಬಿಡು ಎಂದೆ. ಅವಳು ರೊಟ್ಟಿ ಮುರಿಯುತ್ತಾ ತಲೆ ಎತ್ತದೆ ಹೇಳಿದಳು, "ಬಾಜೂ ಅಂಗಡಿ ಕಾಕಾಗ ಹೇಳೀನಿ ಅಪ್ಪಾ. ನೀನೂ ಬಾ."

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನಾನು ಊಟ ಅರ್ಧಕ್ಕೆ ಬಿಟ್ಟು ಎದ್ದೆ. ಯಾಕೆ ಎಂದು ಹೆಂಡತಿ ಕೇಳಿದಳು, ಪಲ್ಯ ಖಾರ ಎಂದೆ.

ಭಾನುವಾರ ಹುಬ್ಬಳ್ಳಿಯಲ್ಲಿ ಬಸ್ ಬದಲಿಸಿ ಮೂವರೂ ಸಂಶಿಗೆ ಹೋದೆವು. ಮಗಳ ಚೀಲದಲ್ಲಿ ಕಾಯಿ, ನಿಂಬೆಹಣ್ಣು, ಊದಿನಕಡ್ಡಿ ಇದ್ದವು. ಕಾರು ಬೆಳ್ಳಗೆ ಥಳಥಳ ಹೊಳೆಯುತ್ತಿತ್ತು. ಬಾಜೂ ಅಂಗಡಿಯವನು ಹಿಂದಿನ ದಿನವೇ ಫೋನ್ ಮಾಡಿ, ಬ್ಯಾಟರಿ ಪೂರ್ತಿ ತುಂಬಿಸಿ ಇಡಿ ಎಂದು ಮಾರುವವರಿಗೆ ಹೇಳಿದ್ದನಂತೆ. ಮೊದಲು ಚಾರ್ಜಿಂಗ್ ಬಾಯಿಯ ಮುಚ್ಚಳ ತೆಗೆದು ಪಿನ್ನುಗಳು ಸುಟ್ಟಿವೆಯೇ ನೋಡಿದ. ಸ್ಟೀರಿಂಗ್ ಕೆಳಗೆ ಬೆಂಕಿಪೊಟ್ಟಣದಷ್ಟು ಯಂತ್ರವೊಂದನ್ನು ಸಿಕ್ಕಿಸಿ, ಮೊಬೈಲಿನಲ್ಲಿ ಬ್ಯಾಟರಿಯ ಒಳಗಿನ ಒಂದೊಂದು ಸೆಲ್ಲಿನ ಲೆಕ್ಕ ಓದಿದ. ಕಂಪನಿಯ ಶೋರೂಮಿನಿಂದ ಬ್ಯಾಟರಿಯ ಆರೋಗ್ಯದ ಚೀಟಿ ತರಿಸಿದ್ದೀರಾ, ಗ್ಯಾರಂಟಿ ಎರಡನೆಯ ಮಾಲೀಕರ ಹೆಸರಿಗೆ ಬರುತ್ತದೆಯೇ, ದಿನಾ ಮನೆಯಲ್ಲಿ ಚಾರ್ಜ್ ಮಾಡುತ್ತಿದ್ದಿರೋ ಹೈವೇಯ ಫಾಸ್ಟ್ ಚಾರ್ಜರಿನಲ್ಲೋ ಎಂದು ಕೇಳಿದ. ಆಮೇಲೆ ಎಸಿ ಹಾಕಿ ಕುಂದಗೋಳದ ರಸ್ತೆಯಲ್ಲಿ ಹೋಗಿ ಬಂದು, ಎಷ್ಟು ದೂರಕ್ಕೆ ಎಷ್ಟು ಚಾರ್ಜ್ ಇಳಿಯಿತು ಎಂದು ಹೇಳಿದ. ಮಗಳು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಹುಟ್ಟಿದಾಗಿನಿಂದ ನನ್ನ ಮಾತು ಕೇಳಿದ್ದಾಳೆ, ಒಂದಕ್ಷರ ಬರೆದುಕೊಂಡವಳಲ್ಲ.

ನನಗೂ ಏನಾದರೂ ಮಾಡಬೇಕಿತ್ತು. ನನ್ನದೊಂದು ಹೆಸರಾದ ಪರೀಕ್ಷೆಯಿದೆ. ಚಾಲೂ ಇರುವ ಎಂಜಿನ್ ಮೇಲೆ ನಾಣ್ಯವನ್ನು ನೆಟ್ಟಗೆ ನಿಲ್ಲಿಸುವುದು. ಬಿದ್ದರೆ ಎಂಜಿನ್ ನಡುಗುತ್ತಿದೆ ಎಂದು ಅರ್ಥ, ನಿಂತರೆ ಪಾಸ್. ಅಭ್ಯಾಸಬಲ ನೋಡಿ, ಬಾನೆಟ್ ಎತ್ತಿಸಿದೆ, ಚಾಲೂ ಮಾಡಿಸಿದೆ, ನಾಣ್ಯ ನಿಲ್ಲಿಸಿದೆ. ನಿಂತಿತು. ನಾನು ಎಲ್ಲರ ಮುಖ ನೋಡಿದೆ.

ಬಾಜೂ ಅಂಗಡಿಯವನು ಮೆಲ್ಲಗೆ ಹೇಳಿದ, "ಇದು ಬಂದ್ ಇದ್ರೂ ನಿಲ್ತೈತ್ರಿ. ಎಂಜಿನ್ನ ಇಲ್ಲಲ್ರಿ ಇದಕ್ಕ."

ಕಾರಿನ ಮಾಲೀಕ ನಕ್ಕ. ಮಗಳು ನಗು ತಡೆಯಲು ಆಚೆ ತಿರುಗಿದಳು. ಹಾಳಾದ್ದು, ಅವಳ ಹೆಗಲು ಅಲುಗಿದ್ದು ನನಗೆ ಕಂಡಿತು. ಮೈಯೆಲ್ಲ ಉರಿದುಹೋಯಿತು. ಮುಖ ಮರೆಸಿಕೊಳ್ಳಲು ಬೇರೆ ಜಾಗವಿಲ್ಲದೆ, ಹಳೆಯ ಜಮಖಾನೆಯೊಂದನ್ನು ಕೇಳಿ ಪಡೆದು ಹಾಸಿಕೊಂಡು ಕಾರಿನ ಕೆಳಗೆ ಸರಿದೆ.

ಈ ಕಾರುಗಳ ಬ್ಯಾಟರಿ ಹೊಟ್ಟೆಯಡಿಯಲ್ಲಿ ಉದ್ದಕ್ಕೂ ಚಪ್ಪಟೆ ಪೆಟ್ಟಿಗೆಯಂತೆ ಮಲಗಿರುತ್ತದೆ. ಬಾಜೂ ಅಂಗಡಿಯವನೂ ಕುಕ್ಕರಗಾಲಲ್ಲಿ ಕೂತು ಮೊಬೈಲ್ ಬೆಳಕು ಬಿಟ್ಟು ನೋಡಿದ್ದ. ಸ್ವಚ್ಛ ಕಪ್ಪು ಬಣ್ಣ ಕಂಡಿತ್ತು, ಚಲೋ ಇದೆ ಎಂದಿದ್ದ. ಆದರೆ ಎರೆಮಣ್ಣಿನ ಸೀಮೆಯಲ್ಲಿ ನಾಲ್ಕು ಮಳೆಗಾಲ ಓಡಿದ ಗಾಡಿಯ ಹೊಟ್ಟೆ ಅಷ್ಟು ಸ್ವಚ್ಛ ಇರುವುದಿಲ್ಲ. ಹೊಸ ಬಣ್ಣ ಎಂದರೆ ಹಳೆಯ ಪೆಟ್ಟು ಎಂದು ನನಗೆ ಗೊತ್ತು, ಎಷ್ಟೋ ಟ್ರ್ಯಾಕ್ಟರಿನ ಚಾಸಿ ಇದನ್ನು ನನಗೆ ಕಲಿಸಿದೆ. ಬೆರಳಾಡಿಸುತ್ತಾ ಹೋದೆ. ಎಡಗಡೆ ಮೂಲೆಯಲ್ಲಿ ಅಂಗೈಯಗಲ ತಗ್ಗು ಸಿಕ್ಕಿತು. ಅದರ ಪಕ್ಕದಲ್ಲಿ ಪೆಟ್ಟಿಗೆಯ ಅಂಚು ಬಾಯಿ ಬಿಟ್ಟಿತ್ತು. ಬಣ್ಣ ಬಳಿದು ಅದನ್ನು ಮುಚ್ಚಿದ್ದರು. ಮಳೆಗಾಲದಲ್ಲಿ ಒಂದು ಹಳ್ಳ ದಾಟಿದರೆ ನೀರು ಒಳಗೆ ಹೋಗುತ್ತದೆ.

ನಾನು ಹೊರಗೆ ಬಂದು ಅಂಗಿ ಝಾಡಿಸಿಕೊಂಡೆ. ಹೇಗಿದೆ ಎಂದು ಮಗಳು ಕೇಳಿದಳು. ಅವನನ್ನು ಕೇಳು ಎಂದೆ.

ಚಹಾ ಬಂತು, ಗಿರಮಿಟ್ಟು ಬಂತು, ಬಿಸಿ ಮಿರ್ಚಿ ಬಂದವು. ನಾನು ನಾಲ್ಕು ಮಿರ್ಚಿ ತಿಂದೆ. ಬಾಜೂ ಅಂಗಡಿಯವನೇ ಹೂಂ ಅನ್ನಲಿ, ಅವನೇ ಕಾಯಿ ಒಡೆಯಲಿ, ಆಷಾಢದಲ್ಲಿ ಗಾಡಿ ನಡುರಸ್ತೆಯಲ್ಲಿ ನಿಲ್ಲಲಿ, ಇಡೀ ನವಲಗುಂದ ನೋಡಲಿ ಎಂದುಕೊಂಡೆ. ಅದು ನನ್ನ ಮಗಳು ಓಡಿಸುವ ಗಾಡಿ ಎಂಬುದು ಆಗ ನೆನಪಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಿತ್ತು. ಕೂಸು ಹಿಂದಿನ ಸೀಟಿನಲ್ಲಿರುತ್ತದೆ ಎಂಬುದೂ ನೆನಪಿತ್ತು. ಆದರೂ ಸುಮ್ಮನಿದ್ದೆ. ಬಹಳ ಮಾಡಿ ಗಾಡಿ ನಿಲ್ಲುತ್ತದೆ, ಅಷ್ಟೇ ತಾನೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬ್ಯಾಟರಿಗೆ ನೀರು ಹೋದರೆ ಬರೀ ನಿಲ್ಲುವುದಿಲ್ಲ, ಹೊತ್ತಿಕೊಳ್ಳಲೂಬಹುದು ಎಂದು ಹಾದಿಯಲ್ಲಿ ಬರುತ್ತಾ ಅವನೇ ಹೇಳಿದ್ದ.

ಅವನು ಹೂಂ ಅಂದ. ಎಲ್ಲರೂ ಕಾರಿನ ಮುಂದೆ ನಿಂತೆವು. ಮಗಳು ಚಕ್ರದಡಿ ನಿಂಬೆಹಣ್ಣು ಇಟ್ಟು, ಕಾಯಿಯನ್ನು ಅವನ ಕೈಗೆ ಕೊಟ್ಟಳು. ಅವನು ಎರಡೂ ಕೈಯಿಂದ ಅದನ್ನು ನನ್ನ ಮುಂದೆ ಹಿಡಿದ.

"ನೀವ ಒಡೀರಿ. ನೀವು ಇರೂತನಾ ನಾ ಒಡೆಯೂದು ಚಂದ ಅಲ್ಲ."

ಕಾಯಿ ನನ್ನ ಕೈಗೆ ಬಂತು. ಈಗ ಒಡೆದರೆ ಗಾಡಿ ನನ್ನ ಮಾತಿನ ಮೇಲೆ ಹೋದಂತೆ. ನಾಳೆ ಜನ ಬೈಯುವುದು ನನ್ನನ್ನು. ನಾನು ಕಾಯಿಯನ್ನು ಕೆಳಗಿಟ್ಟೆ.

"ಒಡಿಯಾಂಗಿಲ್ಲ. ಬ್ಯಾಟರಿ ಪೆಟಗಿಗೆ ಪೆಟ್ಟ ಬಿದ್ದೈತಿ. ಮ್ಯಾಲೆ ಬಣ್ಣಾ ಬಳದಾರ."

ಬಾಜೂ ಅಂಗಡಿಯವನು ಆಗಲೇ ಜಮಖಾನೆಯ ಮೇಲೆ ಮಲಗಿ ಕೆಳಗೆ ಹೋದ. ಅವನು ಎದ್ದು ಬಂದಾಗ ಮುಖ ಬಿಳಿಚಿಕೊಂಡಿತ್ತು. ಮಾಲೀಕ ಹೊಲದ ಬದುವಿನ ಕಲ್ಲು ತಾಗಿದ್ದು ಹೌದು, ಆದರೆ ಸಣ್ಣದು ಎಂದು ಏನೇನೋ ಹೇಳಿದ. ನಾವು ಕೈಮುಗಿದು ಬಸ್‌ಸ್ಟ್ಯಾಂಡಿಗೆ ಹೊರಟೆವು.

ಬಸ್ಸಿನಲ್ಲಿ ಬಾಜೂ ಅಂಗಡಿಯವನು ನಮಗಿಂತ ಮೂರ್ನಾಲ್ಕು ಸೀಟು ಮುಂದೆ ಕೂತಿದ್ದ. ಪಕ್ಕದವರಿಗೆ, ಕಂಡಕ್ಟರಿಗೆ, ಕೇಳಿದವರಿಗೆ ಕೇಳದವರಿಗೆ ನನ್ನನ್ನೇ ಹೊಗಳುತ್ತಿದ್ದ. ತನ್ನ ಮೊಬೈಲಿಗೆ ಕಾಣದ್ದು ಇವರ ಬೆರಳಿಗೆ ಕಂಡಿತು, ಇವರು ಇರದಿದ್ದರೆ ಒಂದು ಮನೆ ಹಾಳಾಗುತ್ತಿತ್ತು ಎಂದ. ಎಷ್ಟು ತಿಂಗಳಿನಿಂದ ನಾನು ಕಾದಿದ್ದ ಮಾತು ಅದು. ಜನ ತಿರುಗಿ ತಿರುಗಿ ನನ್ನನ್ನು ನೋಡಿದರು.

ಮಗಳು ನನ್ನ ಪಕ್ಕ ಕಿಟಕಿಯ ಕಡೆ ಕೂತಿದ್ದಳು. ನನ್ನ ಕಡೆ ತಿರುಗಿ ಕೇಳಿದಳು, "ನೀ ಕೆಳಗ ಹೋಗಿದ್ದು ಚಹಾಕ್ಕಿಂತ ಮೊದಲ ಅಲ್ಲನ ಅಪ್ಪಾ?"

ಹೌದು ಎಂದೆ.

"ಕಾಯಿ ಅವರೇ ಒಡದಿದ್ರ ನೀ ಹೇಳತಿದ್ದಿಲ್ಲ."

ಅದು ಪ್ರಶ್ನೆಯಾಗಿರಲಿಲ್ಲ. ನಾನು ಮತ್ತೊಮ್ಮೆ ಅಂಗಿ ಝಾಡಿಸಿಕೊಂಡೆ. ಅವಳು ಎದ್ದು, ನನ್ನ ಮೊಣಕಾಲು ದಾಟಿ, ಮುಂದೆ ಹೋಗಿ ಬಾಜೂ ಅಂಗಡಿಯವನ ಹಿಂದಿನ ಸೀಟಿನಲ್ಲಿ ಕೂತಳು.